ಪ್ರತಿಕ್ರಿಯೆ: ಹಳೆ ಕಾರ್ ಮಾಡೆಲ್ ಟೈರ್ ರಿಮ್‌ಗೆ ಅಂಟಿದೆ, ಬಾಡಿಯ ಬಣ್ಣವನ್ನೂ ತೆಗೆಯಬೇಕು

ನಿಮ್ಮ ಹಳೆ ಪ್ಲಾಸ್ಟಿಕ್ ಕಾರ್ ಮಾಡೆಲ್‌ನ ಟೈರ್ ಅಂಟಿ ರಿಮ್ ಕರಗಿದೆ, ಗೋಂದಿನಿಂದ ಇರಬಹುದಾ ಅಂತ ಕೇಳಿದ್ರಿ. ಅದು ಗೋಂದಿನಿಂದಲ್ಲ, ಟೈರ್‌ನಿಂದಲೇ. ನಿಮ್ಮದರಂಥ ಹಳೆ 1:24 ಕಿಟ್‌ಗಳಲ್ಲಿ (ಅಸಲಿ ಕಾರಿನ 24ನೇ ಒಂದರ ಅಳತೆಯ, ನಾವೇ ಜೋಡಿಸುವ ಮಾಡೆಲ್) ಟೈರ್ ಮೆತ್ತನೆ ವಿನೈಲ್, ರಿಮ್ ಪಾಲಿಸ್ಟೈರೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್. ವಿನೈಲ್ ಮೆತ್ತಗಿರಲಿ ಅಂತ ಸೇರಿಸಿದ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಬಂದು ರಿಮ್ಮನ್ನು ತಿನ್ನುತ್ತದೆ. ಹದಿನೈದು ವರ್ಷ ಅಟ್ಟದ ಮೇಲಿತ್ತು ಅಂದ್ರಿ, ಅದೂ ಕಲಬುರಗಿಯ ಫರಸಿ ಕಲ್ಲಿನ ಮಾಳಿಗೆ ಕೆಳಗೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ. ಇನ್ನೇನಾಗುತ್ತದೆ!

ಟೈರ್ ಎಳೆಯಬೇಡಿ. ಚಕ್ರವನ್ನು ಎರಡು ತಾಸು ಫ್ರೀಜರ್‌ನಲ್ಲಿಟ್ಟು ಸುಮ್ನೆ ತಿರುಗಿಸಿ ನೋಡಿ. ನನ್ನ ನಾಲ್ಕರಲ್ಲಿ ಮೂರು ಹಾಗೇ ಬಿಟ್ಟವು, ಒಂದನ್ನು ಬ್ಲೇಡ್‌ನಿಂದ ಕೊಯ್ಯಬೇಕಾಯ್ತು. ಆಮೇಲೆ ರಿಮ್ ಕರಗಿ ಬಿದ್ದ ಗುಳಿಗಳಲ್ಲಿ ಪುಟ್ಟಿ ತುಂಬಿ, ಒಣಗಿದ ಮೇಲೆ 400, ನಂತರ 800 ನಂಬರ್ ವಾಟರ್ ಪೇಪರ್‌ನಿಂದ ಉಜ್ಜಿ ಬಣ್ಣ ಹಚ್ಚಿ. ಟೈರ್ ಮತ್ತೆ ಹಾಕುವ ಮುಂಚೆ ರಿಮ್‌ಗೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಒಂದು ಸುತ್ತು ಸುತ್ತಿ. ಇದನ್ನು ಬಿಟ್ರೆ ಮತ್ತೆ ಅದೇ ಕತೆ.

ಬಾಡಿಗೆ ಹಚ್ಚಿದ ಬಣ್ಣ ಯಾವ ಬಗೆಯದು ಅಂತ ನೀವು ಹಾಕಿದ ಫೋಟೋದಲ್ಲಿ ಗೊತ್ತಾಗಲಿಲ್ಲ. ಒಳಗಡೆ ಕಾಣದ ಜಾಗದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ (ಒಂದು ಬಗೆಯ ಸ್ಪಿರಿಟ್) ಹಚ್ಚಿ ನೋಡಿ. ಬಣ್ಣ ಎದ್ದರೆ ಬಹುಶಃ ಅಕ್ರಿಲಿಕ್, ಅದರಲ್ಲೇ ನೆನೆಸಿ. ಏಳದಿದ್ದರೆ ಎನಾಮೆಲ್ ಇರಬೇಕು, ಅದಕ್ಕೆ ಗಾಡಿಯ ಬ್ರೇಕ್‌ಗೆ ಹಾಕುವ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್‌ನಲ್ಲಿ ನೆನೆಸಿ. ಕೈಗವಸು ಹಾಕಿ, ಮೊದಲು ಕಿಟ್‌ನ ಬೇಡದ ತುಂಡಿನ ಮೇಲೆ ಒಂದು ರಾತ್ರಿ ಪರೀಕ್ಷಿಸಿ. ಅಂಗಡಿಯವರು ಥಿನ್ನರ್ ಕೊಟ್ರೆ ಬೇಡ ಅನ್ನಿ, ಪ್ಲಾಸ್ಟಿಕ್ಕೇ ಕರಗುತ್ತದೆ.

ಬಣ್ಣ ಹೋದ ಮೇಲೆ ಬಾಡಿಯನ್ನು ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್ ಹೊಡೆಯಿರಿ. ಅದೂ ಬೆಳಿಗ್ಗೆ ಬೇಗ. ನಮ್ಮ ಮಧ್ಯಾಹ್ನದ ಬಿಸಿಲಿಗೆ ಸ್ಪ್ರೇ ಗಾಳಿಯಲ್ಲೇ ಒಣಗಿ ಬಾಡಿ ಮೇಲೆ ರವೆ ಚೆಲ್ಲಿದ ಹಾಗೆ ಕೂರುತ್ತದೆ.