ಮಗಳ ವಿಜ್ಞಾನ ಪ್ರದರ್ಶನಕ್ಕೆ ಸಬ್‌ಮರೀನ್: ರಿಮೋಟ್ ಕಿಟ್ ತರಿಸಲಾ, ನಾನೇ ಮನೆಯಲ್ಲಿ ಮಾಡಿಕೊಡಲಾ?

ಹಾವೇರಿ, ಒಂಬತ್ತನೇ ಕ್ಲಾಸು, ಸಬ್‌ಮರೀನು. ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. 1996ರಲ್ಲಿ ನಾನೂ ಒಂಬತ್ತನೇ ಕ್ಲಾಸು, ಊರು ಹುಬ್ಬಳ್ಳಿ, ಮಾಡಿದ್ದು ಅದನ್ನೇ. ಕಿಟ್ಟಿನ ಮಾತು ಆಮೇಲೆ.

ನಮ್ಮಪ್ಪನದು ಸೈಕಲ್ ಅಂಗಡಿ. ಎರಡಿಂಚಿನ ಪಿವಿಸಿ ಪೈಪು ಒಂದಡಿ ತಗೊಂಡು ಎರಡೂ ಕಡೆ ಎಂಡ್ ಕ್ಯಾಪ್ ಹಾಕಿದೆ, ಸಂದಿಗೆಲ್ಲ ಎಂ-ಸೀಲ್ ಬಳಿದೆ. ಹೊಟ್ಟೆಯ ಕೆಳಗೆ ಮುಂದೊಂದು, ಹಿಂದೊಂದು ತೂತು, ನೀರು ಒಳಗೆ ಬರೋಕೆ. ಬೆನ್ನ ಮೇಲೆ ಸೈಕಲ್ ಟ್ಯೂಬಿನ ವಾಲು, ಅದಕ್ಕೊಂದು ಉದ್ದನೆಯ ರಬ್ಬರ್ ಪೈಪು, ಅದರ ತುದಿಗೆ ಪಂಪು. ಮಗುಚಬಾರದು ಅಂತ ಹೊಟ್ಟೆಗೆ ನಾಲ್ಕು ನಟ್ಟು ಬೋಲ್ಟು ಕಟ್ಟಿದೆ. ನೀರು ಒಳಗೆ ಬಂದರೆ ಮುಳುಗುತ್ತದೆ, ಗಾಳಿ ಹೊಡೆದರೆ ನೀರು ಹೊರಗೆ ಹೋಗಿ ಮೇಲೇಳುತ್ತದೆ. ಪುಸ್ತಕದಲ್ಲಿ ಹಾಗೇ ಇತ್ತು.

ಮಾಡಿ ನೋಡೋಕೆ ನೀರು ಬೇಕಲ್ಲ. ನಮ್ಮ ಓಣಿಗೆ ಆಗ ನಳ ಬರುತ್ತಿದ್ದದ್ದೇ ವಾರಕ್ಕೊಮ್ಮೆ. ಬ್ಯಾರಲ್ ಹತ್ತಿರ ಹೋದರೆ ಅವ್ವ ಬಿಡಲಿಲ್ಲ. "ಕುಡಿಯೋ ನೀರಾಗ ಪೈಪ್ ಅದ್ದತೀ ಏನಲೇ? ಬೇಕಾದ್ರ ಆ ಕೊಡ ತಗೋ" ಅಂದಳು. ಕೊಡದ ಬಾಯಿ ಗೇಣಗಲ. ಒಂದಡಿ ಪೈಪು ಅದರೊಳಗೆ ಅಡ್ಡ ಹೋಗುತ್ತದಾ? ನಿಲ್ಲಿಸಿಯೇ ಇಳಿಸಿದೆ. ಗುಳುಗುಳು ಅಂತ ನೀರು ಕುಡಿದು ತಳ ಸೇರಿತು. ಕುಣಿದುಬಿಟ್ಟೆ. ಮೇಲೇಳುತ್ತದಾ ಅಂತ ನೋಡೋಕೆ ಆ ಕೊಡದಲ್ಲಿ ಜಾಗ ಇರಲಿಲ್ಲ. ಮುಳುಗಿದ್ದು ಎದ್ದೇ ಏಳುತ್ತದೆ ಅಂದುಕೊಂಡೆ.

ಪ್ರದರ್ಶನ ಧಾರವಾಡದಲ್ಲಿ. ಮೀನು ಸಾಕುವ ದೊಡ್ಡ ಗಾಜಿನ ತೊಟ್ಟಿ ಕೊಟ್ಟಿದ್ದರು. ತೀರ್ಪು ಕೊಡೋಕೆ ಬಂದ ಮೇಡಂ ಎದುರು ಪೈಪನ್ನು ನೀಟಾಗಿ ನೀರಿನ ಮೇಲೆ ಮಲಗಿಸಿದೆ. ತೇಲಿತು. ತೇಲುತ್ತಲೇ ಇತ್ತು.

ನಾನು ಬಾಯಿಪಾಠ ಶುರು ಮಾಡಿದೆ. 1620ರ ಸುಮಾರಿಗೆ ಡ್ರೆಬೆಲ್ ಎಂಬ ಡಚ್ ಮನುಷ್ಯ ಲಂಡನ್ನಿನ ಥೇಮ್ಸ್ ನದಿಯಲ್ಲಿ ಮುಳುಗು ದೋಣಿ ಓಡಿಸಿದ. 1776ರಲ್ಲಿ ಅಮೆರಿಕದ ಬುಶ್ನೆಲ್‌ನ 'ಟರ್ಟಲ್' ಒಬ್ಬನೇ ಆಳನ್ನು ಹೊತ್ತು ಬ್ರಿಟಿಷ್ ಹಡಗಿಗೆ ಬಾಂಬು ಅಂಟಿಸಲು ಹೋಗಿ ಸೋತಿತು. ಮೇಡಂ ನನ್ನ ಮುಖ ನೋಡಲೇ ಇಲ್ಲ, ಪೈಪನ್ನೇ ನೋಡುತ್ತಿದ್ದರು. "ತಮ್ಮಾ, ಇದರೊಳಗಿನ ಗಾಳಿ ಎಲ್ಲಿಂದ ಹೊರಗ ಹೋಗ್ತದ?"

ನನಗೆ ಆ ಪ್ರಶ್ನೆಯೇ ತಲೆಗೆ ಹೋಗಲಿಲ್ಲ. ಗಾಬರಿಯಲ್ಲಿ ಹೊರಗೆ ಓಡಿ ಶೇಂಗಾ ಮಾರುವವನ ಹತ್ತಿರ ಅರ್ಧ ಕೆಜಿ ತೂಕದ ಕಲ್ಲು ಕೇಳಿ ತಂದು ಕಟ್ಟಿದೆ. ಮುಳುಗಿತು. ಪಂಪು ಹೊಡೆದೆ, ಹೊಡೆದೇ ಹೊಡೆದೆ. ಬರೀ ಗುಳ್ಳೆ. ಮೇಲೇಳಲಿಲ್ಲ. ಕೊನೆಗೆ ಅಂಗಿ ತೋಳು ಏರಿಸಿ ಕೈ ಹಾಕಿ ತೆಗೆದೆ. ಕಲ್ಲು ವಾಪಸ್ ಕೇಳೋಕೆ ಶೇಂಗಾದವನೂ ಒಳಗೆ ಬಂದು ನಿಂತಿದ್ದ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಅರ್ಧಕ್ಕರ್ಧ ಮಕ್ಕಳು ಇಲ್ಲೇ ಎಡವುತ್ತಾರೆ. ತಂಬಿಗೆಯನ್ನು ಬೋರಲು ಹಿಡಿದು ಬಕೆಟ್ಟಿಗೆ ಒತ್ತಿ ನೋಡಿ. ನೀರು ಒಳಗೆ ಬರಲ್ಲ. ಗಾಳಿ ಜಾಗ ಬಿಟ್ಟರೆ ತಾನೇ ಬರೋದು? ನನ್ನ ಪೈಪು ಅಡ್ಡ ಮಲಗಿದಾಗ ಎರಡು ತೂತುಗಳೂ ಕೆಳಗೇ ಇದ್ದವು. ಅಂದರೆ ಅದು ಬೋರಲು ತಂಬಿಗೆ. ಕೊಡದಲ್ಲಿ ನಿಂತಿದ್ದಾಗ ಒಂದು ತೂತು ಕೆಳಗೆ, ಒಂದು ಮೇಲೆ. ಕೆಳಗಿನದರಲ್ಲಿ ನೀರು ಬಂತು, ಮೇಲಿನದರಲ್ಲಿ ಗಾಳಿ ಹೋಯಿತು. ಎಣ್ಣೆ ಡಬ್ಬಿಗೆ ಎರಡು ತೂತು ಹೊಡೆಯೋದು ಯಾಕೆ ಹೇಳಿ? ಅದೇ ಲೆಕ್ಕ. ಇನ್ನು ಕಲ್ಲು ಕಟ್ಟಿದ ಮೇಲೆ ಯಾಕೆ ಏಳಲಿಲ್ಲ? ಒಳಗೆ ಮೊದಲೇ ಗಾಳಿ ತುಂಬಿತ್ತು. ತುಂಬಿದ್ದಕ್ಕೆ ಮತ್ತೆ ತುಂಬಿದರೆ ಹೊಟ್ಟೆಯ ತೂತಿನಿಂದ ಆಚೆ ಹೋಗುತ್ತದೆ ಅಷ್ಟೆ. ನಿಜವಾದ ಸಬ್‌ಮರೀನಿನ ಟ್ಯಾಂಕಿಗೆ ಕೆಳಗೆ ನೀರಿನ ಬಾಯಿ, ನೆತ್ತಿಯಲ್ಲಿ ಗಾಳಿಯ ಕವಾಟ. ಮುಳುಗಬೇಕಾದರೆ ತೆರೆಯೋದು ಆ ನೆತ್ತಿಯದನ್ನು. ಏಳಬೇಕಾದರೆ ಅದನ್ನು ಮುಚ್ಚಿ, ಸಿಲಿಂಡರಿನಲ್ಲಿ ಒತ್ತಿ ಇಟ್ಟ ಗಾಳಿಯನ್ನು ಟ್ಯಾಂಕಿಗೆ ಬಿಡುತ್ತಾರೆ.

ರಾತ್ರಿ ಅಪ್ಪ ಪೈಪನ್ನು ಒಂದು ಸಲ ತಿರುಗಿಸಿ ನೋಡಿದ. ದಿನವಿಡೀ ಗಾಳಿ ಹೊಡೆಯುವ ಮನುಷ್ಯ. "ವಾಲ್ ಬಿಚ್ಚಿದ್ರ ಮುಗೀತಿತ್ತಲ್ಲೋ" ಅಂದ. ಹೌದು, ಬೆನ್ನ ಮೇಲೇ ಇತ್ತು ವಾಲು. ಸೈಕಲ್ ವಾಲು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡಲ್ಲ. ತಿರುಗಿಸಿ ಸಡಿಲ ಮಾಡಿದ್ದರೆ ಸಾಕಿತ್ತು. ಒಂದು ತಿಂಗಳು ಆ ಅಂಗಡಿಯಲ್ಲೇ ಕೂತು ಮಾಡಿದ್ದೆ, ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ.

ಆಮೇಲೆ ಸಬ್‌ಮರೀನಿನ ಬಗ್ಗೆ ಏನು ಸಿಕ್ಕರೂ ಓದಿದೆ. ಎಲ್ಲಾ ಕಡೆ ನನಗೆ ಕಾಣೋದು ತೂತು, ಕವಾಟ, ಗಾಳಿ. ಅಮೆರಿಕದ 'ಹನ್ಲಿ' 1864ರಲ್ಲಿ ಯುದ್ಧ ಹಡಗನ್ನು ಮುಳುಗಿಸಿದ ಮೊದಲ ಸಬ್‌ಮರೀನು ಅಂತ ಎಲ್ಲರೂ ಚಾರ್ಟಿನಲ್ಲಿ ಬರೆಯುತ್ತಾರೆ. ಅದರ ಹಿಂದಿನ ವರ್ಷವೇ ಅದು ಪರೀಕ್ಷೆಯ ವೇಳೆ ಮುಳುಗಿ, ಅದಕ್ಕೆ ತನ್ನ ಹೆಸರು ಕೊಟ್ಟ ಹನ್ಲಿಯೂ ಸೇರಿ ಎಂಟು ಜನ ಸತ್ತರು. ಮೇಲೆತ್ತಿ ನೋಡಿದರೆ ಮುಂದಿನ ಟ್ಯಾಂಕಿನ ಕವಾಟ ತೆರೆದೇ ಇತ್ತು. 1939ರಲ್ಲಿ ಬ್ರಿಟನ್ನಿನ 'ಥೀಟಿಸ್'ನಲ್ಲಿ, ನೀರೊಳಗೆ ಹಾರಿಸುವ ಟಾರ್ಪೆಡೊ ಬಾಂಬಿನ ಕೊಳವೆಯಲ್ಲಿ ನೀರಿದೆಯಾ ಅಂತ ನೋಡೋಕೆ ಚಿಕ್ಕ ತೂತೊಂದಿತ್ತು. ಅದು ಬಣ್ಣ ಬಳಿಯುವಾಗ ಮುಚ್ಚಿಹೋಗಿತ್ತು. ನೀರು ಬರಲಿಲ್ಲ, ಖಾಲಿ ಅಂದುಕೊಂಡು ಬಾಗಿಲು ತೆರೆದರು. ನೀರು ನುಗ್ಗಿ 99 ಜನ ಸತ್ತರು. 1963ರಲ್ಲಿ ಅಮೆರಿಕದ 'ಥ್ರೆಶರ್' 129 ಜನರ ಸಮೇತ ಹೋಯಿತು. ಮೇಲೇಳಲು ಬಿಟ್ಟ ಗಾಳಿಯ ತೇವ ಪೈಪಿನೊಳಗಿನ ಜಾಲರಿಯಲ್ಲೇ ಮಂಜುಗಡ್ಡೆಯಾಗಿ ಕಟ್ಟಿಕೊಂಡಿರಬೇಕು ಅಂತ, ಇನ್ನೊಂದು ಸಬ್‌ಮರೀನಿನಲ್ಲಿ ಪ್ರಯೋಗ ಮಾಡಿ ನೋಡಿದ ಮೇಲೆ ಗೊತ್ತಾಯಿತು. ಓದಿದಾಗ ನನಗೆ ಧಾರವಾಡದ ಆ ಗುಳ್ಳೆಗಳೇ ಕಣ್ಣ ಮುಂದೆ ಬಂದವು.

ಅಣುಶಕ್ತಿ ಯಾಕೆ ದೊಡ್ಡ ಸುದ್ದಿಯಾಯಿತು ಅನ್ನೋದಕ್ಕೂ ಗಾಳಿಯೇ ಕಾರಣ. ಡೀಸೆಲ್ ಎಂಜಿನ್ನಿಗೆ ಉಸಿರು ಬೇಕು. ಬ್ಯಾಟರಿ ಚಾರ್ಜ್ ಮಾಡೋಕೆ ಆಗಾಗ ಮೇಲೆ ಬರಲೇಬೇಕು. 1967ರಲ್ಲಿ ಸೋವಿಯತ್ ಒಕ್ಕೂಟದಿಂದ ಪಡೆದ ನಮ್ಮ ಮೊದಲ ಸಬ್‌ಮರೀನು 'ಕಲ್ವರಿ'ಯೂ ಹಾಗೇ. ಅಣು ರಿಯಾಕ್ಟರಿಗೆ ಆ ಕಾಟ ಇಲ್ಲ. 1958ರಲ್ಲಿ ಅಮೆರಿಕದ ಅಣು ಸಬ್‌ಮರೀನು 'ನಾಟಿಲಸ್' ಉತ್ತರ ಧ್ರುವದ ಹಿಮದ ಕೆಳಗೇ ತೂರಿ ಹೋಯಿತು. ನಮ್ಮ 'ಅರಿಹಂತ್' ಅದೇ ಜಾತಿ.

ಈಗ ನಿಮ್ಮ ಪ್ರಶ್ನೆ. ಎರಡೂ ಬೇಡ. ರಿಮೋಟ್ ಕಿಟ್ ತಂದರೆ ಅವಳು ಕಲಿಯೋದು ಗುಂಡಿ ಒತ್ತೋದನ್ನ. ರೇಡಿಯೊ ಅಲೆ ನೀರಿನೊಳಗೆ ದೂರ ಹೋಗಲ್ಲ ಅನ್ನೋದು ಬೇರೆ ಮಾತು. ನೌಕಾಪಡೆ ಇದಕ್ಕಾಗಿಯೇ ತಿರುನೆಲ್ವೇಲಿ ಹತ್ತಿರ ಬೇರೆಯೇ ಬಗೆಯ ಉದ್ದನೆ ಅಲೆಗಳ ಕೇಂದ್ರ ಇಟ್ಟುಕೊಂಡಿದೆ. ಇನ್ನು "ನಾನೇ ಮಾಡಿಕೊಡಲಾ" ಅಂದಿದ್ದೀರಲ್ಲ, ದಯವಿಟ್ಟು ಬೇಡ. ಪ್ರದರ್ಶನ ಅವಳದು. ಗೊತ್ತಿದ್ದವರನ್ನು ಕೇಳೋದೂ ಅವಳೇ ಕೇಳಲಿ.

ನನ್ನನ್ನು ಕೇಳಿದರೆ ಆರ್ಗೋ ಅನ್ನೋ ಮುಳುಗಿ ಏಳುವ ಯಂತ್ರದ ಮಾದರಿ ಮಾಡಿಸಿ. ಸಮುದ್ರಗಳಲ್ಲಿ ಸುಮಾರು 4000 ಆರ್ಗೋ ಯಂತ್ರಗಳು ತೇಲಾಡುತ್ತಿವೆ. ಆಳು ಇಲ್ಲ, ಮುಂದೆ ತಳ್ಳುವ ಫ್ಯಾನೂ ಇಲ್ಲ. ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳಕ್ಕಿಳಿದು, ಮೇಲೆ ಬರುತ್ತಾ ನೀರಿನ ಬಿಸಿ, ಉಪ್ಪು ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳಿದರೆ ಉಬ್ಬಿ ಮೇಲೇಳುತ್ತದೆ, ಎಳೆದುಕೊಂಡರೆ ಇಳಿಯುತ್ತದೆ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನಮ್ಮ ಕಡೆಯಿಂದ ಇದರಲ್ಲಿದೆ. ಮುಂಗಾರು ಲೆಕ್ಕಕ್ಕೂ ಸಮುದ್ರದ ಈ ಬಿಸಿ ಬೇಕು. ಹಾವೇರಿಯ ಮೆಣಸಿನಕಾಯಿ ಬೆಳೆಗಾರನಿಗೆ ಟಾರ್ಪೆಡೊಗಿಂತ ಇದು ಹತ್ತಿರದ್ದು ಅಲ್ವಾ? ಮಾದರಿಗೆ ಬೇಕಾದ್ದು ಒಂದು ಬಾಟಲಿ, ಚೀಲದ ಬದಲು ಬಲೂನು, ಸಲೈನ್ ಪೈಪು, ತಳ್ಳಿ ಎಳೆಯೋಕೆ ಸಿರಿಂಜು. ನೂರು ರೂಪಾಯಿ ಒಳಗೆ ಮುಗಿಯುತ್ತದೆ.

ಕಾರವಾರಕ್ಕೆ ಕರಕೊಂಡು ಹೋಗಿ ಸಬ್‌ಮರೀನು ತೋರಿಸಬೇಕು ಅಂತಲೂ ಬರೆದಿದ್ದೀರಿ. ಅಲ್ಲಿ ಬೀಚಿನಲ್ಲಿರೋದು ಕ್ಷಿಪಣಿ ದೋಣಿ, 'ಚಪಲ್'. ಸಬ್‌ಮರೀನಿನ ಹೊಟ್ಟೆಯೊಳಗೆ ನಡೆದಾಡಬೇಕು ಅಂದರೆ ವಿಶಾಖಪಟ್ಟಣದ 'ಕುರ್ಸುರಾ'ಗೆ ಹೋಗಬೇಕು.

ಹಾಂ, ಮತ್ತೆ ಕೊಡದಲ್ಲಿ ಪರೀಕ್ಷೆ ಮಾಡಬೇಡಿ. ನಳ ಬರುವ ದಿನ ನೋಡಿಕೊಂಡು ಅಗಲವಾದ ಟಬ್ಬು ತುಂಬಿಸಿ. ಹಿಂದಿನ ದಿನವೇ ಮುಳುಗಿಸಿ, ಏಳಿಸಿ, ಹತ್ತು ಸಲ.