ಪ್ರಸಾದ ಬೇಡವೆಂದ ನೆರೆಮನೆ: ಮುಲುಂಡ್ ಓದುಗರಿಗೆ ಸಂಪಾದಕರ ಉತ್ತರ

ಮುಲುಂಡ್‌ನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಬಿಲ್ಡಿಂಗಿನಲ್ಲಿ ಮಂಗಳೂರು ಕಡೆಯ ಬ್ಯಾರಿ ಕುಟುಂಬವೊಂದಿದೆ. ಒಳ್ಳೆಯ ಜನ. ಈ ಸಲ ಗಣಪತಿ ಪ್ರಸಾದ ಕೊಡಲು ಹೋದಾಗ, ಅಲ್ಲಾಹ್ ಒಬ್ಬನೇ, ನಮಗೆ ಇದು ಆಗುವುದಿಲ್ಲ ಎಂದು ಮೆಲ್ಲಗೆ ಬೇಡವೆಂದರು. ಮನಸ್ಸಿಗೆ ನೋವಾಯಿತು. ದೇವನೊಬ್ಬ ನಾಮ ಹಲವು ಎಂದು ನಾವೂ ಹೇಳುತ್ತೇವೆ ಅಲ್ವಾ? ದೇವರು ಒಬ್ಬನೇ ಆದರೆ ಇವರು ಕಾಬಾದ ಕಡೆಗೆ ಬಾಗುವುದೇಕೆ? ಮಾಹಿಮ್ ದರ್ಗಾಕ್ಕೆ ಅಷ್ಟೊಂದು ಜನ ಹೋಗುವುದೇಕೆ?"

ಹಬ್ಬದ ದಿನ ಕೊಡಲು ಹೋದ ಕೈ ಹಾಗೇ ವಾಪಸ್ ಬಂದರೆ ಯಾರಿಗಾದರೂ ಬೇಸರವಾಗುತ್ತದೆ. ಆದರೆ ಅವರು ಹೇಳಿದ್ದು ನೆಪವಲ್ಲ. ಅವರ ಧರ್ಮದ ಬುಡವೇ ಅದು.

ಕುರ್‌ಆನಿನ 112ನೇ ಅಧ್ಯಾಯದಲ್ಲಿರುವುದು ನಾಲ್ಕೇ ವಾಕ್ಯ. ಅಲ್ಲಾಹ್ ಒಬ್ಬ. ಅವನಿಗೆ ಯಾರ ಹಂಗೂ ಇಲ್ಲ, ಎಲ್ಲರಿಗೂ ಅವನೇ ದಿಕ್ಕು. ಅವನು ಯಾರನ್ನೂ ಹೆತ್ತಿಲ್ಲ, ಯಾರಿಗೂ ಹುಟ್ಟಿಲ್ಲ. ಅವನಿಗೆ ಸಾಟಿ ಯಾರೂ ಇಲ್ಲ. ಮುಸ್ಲಿಂ ಮಕ್ಕಳು ಮೊದಮೊದಲು ಬಾಯಿಪಾಠ ಮಾಡುವ ಅಧ್ಯಾಯಗಳಲ್ಲಿ ಇದೂ ಒಂದು. ಅಲ್ಲಾಹ್ ಒಬ್ಬನೇ ಎಂಬ ಈ ನಂಬಿಕೆಯನ್ನೇ ತೌಹೀದ್ ಎನ್ನುತ್ತಾರೆ.

ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಪ್ರವಾದಿ ಮುಹಮ್ಮದರನ್ನು ವಿರೋಧಿಸಿದ ಮೆಕ್ಕಾದವರೂ ಅಲ್ಲಾಹನನ್ನು ನಂಬುತ್ತಿದ್ದರು. ಭೂಮಿ, ಆಕಾಶ ಸೃಷ್ಟಿಸಿದವರು ಯಾರೆಂದು ಕೇಳಿದರೆ ಅವರೂ ಅಲ್ಲಾಹ್ ಎಂದೇ ಹೇಳುತ್ತಾರೆ ಎಂದು ಕುರ್‌ಆನ್ (29:61) ಹೇಳುತ್ತದೆ. ಉಳಿದ ದೈವಗಳನ್ನು ಪೂಜಿಸುವುದು ಅಲ್ಲಾಹನಿಗೆ ಹತ್ತಿರವಾಗಲು ಮಾತ್ರ ಎಂಬುದು ಅವರ ವಾದ (39:3). ಜಗಳ ಇದ್ದದ್ದೇ ಇಲ್ಲಿ. ಎಲ್ಲರಿಗಿಂತ ದೊಡ್ಡವನು ಒಬ್ಬ ಎಂದು ಒಪ್ಪಿದರೆ ಸಾಲದು. ಪೂಜೆ, ಹರಕೆ, ಮೊರೆ, ಯಾವುದರಲ್ಲೂ ಅವನಿಗೆ ಪಾಲುದಾರರು ಇರಬಾರದು. ಹಾಗೆ ಪಾಲು ಕೊಡುವುದು ಶಿರ್ಕ್. ಇಸ್ಲಾಮಿನಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ.

ನೀವು ಬರೆದ ಸಾಲು ಬಸವಣ್ಣನವರದು. ಆ ವಚನವನ್ನು ದಯವಿಟ್ಟು ಪೂರ್ತಿ ಓದಿ. ಇನ್ನೊಂದಕ್ಕೆ ಎರಗುವವರನ್ನು ಅದು ಬಹಳ ಕಟುವಾಗಿ ಬೈಯುತ್ತದೆ. ಬಸವಣ್ಣನವರ ಕೈಯಲ್ಲಿ ಲಿಂಗವಿತ್ತು, ಇಸ್ಲಾಂ ಯಾವ ಕುರುಹನ್ನೂ ಒಪ್ಪುವುದಿಲ್ಲ. ಆ ವ್ಯತ್ಯಾಸ ಸಣ್ಣದಲ್ಲ. ಆದರೆ ನಿಮ್ಮ ನೆರೆಯವರ ನಿಷ್ಠೆ ವಚನ ಓದಿದ ಕನ್ನಡಿಗರಿಗೆ ಹೊಸದೇನೂ ಅಲ್ಲ.

ಕಾಬಾದ ಪ್ರಶ್ನೆಗೆ ಉತ್ತರ ಸುಲಭ. ಮೆಕ್ಕಾದಲ್ಲಿರುವ ಆ ಕಟ್ಟಡ ನಮಾಜಿನ ದಿಕ್ಕು, ದೇವರಲ್ಲ. ಮುಸ್ಲಿಮರು ಮೊದಲು ಜೆರುಸಲೇಮಿನ ಕಡೆ ಮುಖ ಮಾಡಿ ನಮಾಜು ಮಾಡುತ್ತಿದ್ದರು. 624ರಲ್ಲಿ ಅದು ಮೆಕ್ಕಾದ ಕಡೆಗೆ ಬದಲಾಯಿತು. ಎರಡನೇ ಖಲೀಫ ಉಮರ್ ಅಲ್ಲಿನ ಕಪ್ಪು ಶಿಲೆಗೆ ಮುತ್ತಿಡುವಾಗ, ನೀನು ಬರೀ ಕಲ್ಲು, ನಿನ್ನಿಂದ ಲಾಭವೂ ಇಲ್ಲ, ಹಾನಿಯೂ ಇಲ್ಲ, ಪ್ರವಾದಿ ಮುತ್ತಿಟ್ಟದ್ದನ್ನು ನೋಡಿದ್ದರಿಂದ ನಾನೂ ಇಡುತ್ತಿದ್ದೇನೆ ಎಂದರಂತೆ. ಪ್ರವಾದಿಗೂ ಪೂಜೆಯಿಲ್ಲ. 632ರಲ್ಲಿ ಅವರು ತೀರಿಕೊಂಡಾಗ ಜನ ದಿಕ್ಕು ತೋಚದೆ ನಿಂತಿದ್ದರು. ಆಗ ಪ್ರವಾದಿಯ ಆಪ್ತ ಗೆಳೆಯ ಅಬೂಬಕರ್, ಮುಹಮ್ಮದರನ್ನು ಆರಾಧಿಸುತ್ತಿದ್ದವರಿಗೆ ಹೇಳುತ್ತೇನೆ, ಅವರು ಸತ್ತಿದ್ದಾರೆ, ಅಲ್ಲಾಹನನ್ನು ಆರಾಧಿಸುವವರಿಗೆ ಹೇಳುತ್ತೇನೆ, ಅವನಿಗೆ ಸಾವಿಲ್ಲ ಎಂದರು. ಅಷ್ಟು ಪ್ರೀತಿಸಿದ ಗೆಳೆಯನ ಶವ ಒಳಗಿರುವಾಗ ಹೇಳಿದ ಮಾತಿದು. ತೌಹೀದ್ ಏನೆಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಈ ಘಟನೆಯನ್ನೇ.

ದರ್ಗಾದ ಪ್ರಶ್ನೆ ಕಷ್ಟದ್ದು. ಮುಸ್ಲಿಮರೇ ಅದರ ಬಗ್ಗೆ ವಾದ ಮಾಡುತ್ತಾರೆ. ಮಾಹಿಮ್‌ನಲ್ಲಿ ಮಲಗಿರುವ ಮಖ್ದೂಮ್ ಅಲಿ ಮಾಹಿಮಿ ದೊಡ್ಡ ವಿದ್ವಾಂಸರು. ಕುರ್‌ಆನಿಗೆ ಅರಬಿಯಲ್ಲಿ ವ್ಯಾಖ್ಯಾನ ಬರೆದವರು. ಅಲ್ಲಿಗೆ ಹೋಗುವವರು, ಕೊಡುವವನು ಅಲ್ಲಾಹನೇ, ಅವನಿಗೆ ಪ್ರಿಯರಾದವರ ಮೂಲಕ ಕೇಳುತ್ತೇವೆ ಅಷ್ಟೇ ಎನ್ನುತ್ತಾರೆ. ಮೆಕ್ಕಾದವರೂ ಹೀಗೇ ಹೇಳುತ್ತಿದ್ದರಲ್ಲ ಎಂದು ಒಪ್ಪದವರು ಕೇಳುತ್ತಾರೆ. ಆದರೆ ಗೋರಿಗೆ ಸಜ್ದಾ (ಹಣೆಯನ್ನು ನೆಲಕ್ಕೆ ಹಚ್ಚಿ ನಮಿಸುವುದು) ಮಾಡಬಾರದು ಎಂಬಲ್ಲಿ ಎರಡೂ ಕಡೆಯ ವಿದ್ವಾಂಸರು ಒಂದೇ. ದರ್ಗಾ ಭೇಟಿಯನ್ನು ಬಲವಾಗಿ ಸಮರ್ಥಿಸಿದ ಬರೇಲಿಯ ಅಹ್ಮದ್ ರಝಾ ಖಾನ್ (1856–1921) ಅವರೇ ಅಲ್ಲಾಹನಲ್ಲದೆ ಬೇರೆಯವರಿಗೆ ಸಜ್ದಾ ನಿಷಿದ್ಧ ಎಂದು ಪುಸ್ತಕ ಬರೆದಿದ್ದಾರೆ. ಜಗಳವಾಡುವ ಇಬ್ಬರೂ ತೌಹೀದನ್ನು ಕಾಯಲೆಂದೇ ಜಗಳವಾಡುತ್ತಾರೆ. ಅವರಲ್ಲಿ ಒಬ್ಬರನ್ನು ಕಪಟಿ ಎನ್ನುವುದು ಅನ್ಯಾಯ.

ಮೂರ್ತಿ ಇಲ್ಲದ ಮಾತ್ರಕ್ಕೆ ತೌಹೀದ್ ಪೂರ್ತಿಯಾಯಿತು ಎಂದೂ ಮುಸ್ಲಿಮರು ತಿಳಿಯುವುದಿಲ್ಲ. ತನ್ನ ಆಸೆಯನ್ನೇ ದೇವರು ಮಾಡಿಕೊಂಡವನ ಬಗ್ಗೆ ಕುರ್‌ಆನ್ (25:43) ಎಚ್ಚರಿಸುತ್ತದೆ. ಜನ ನೋಡಲಿ ಎಂದು ಮಾಡುವ ನಮಾಜೂ ಸಣ್ಣ ಶಿರ್ಕ್ ಎಂದು ಹದೀಸಿನಲ್ಲಿ, ಅಂದರೆ ಪ್ರವಾದಿಯ ನುಡಿಗಳಲ್ಲಿ ಇದೆ. ಹಣಕ್ಕೆ, ಹೊಗಳಿಕೆಗೆ ಸುಮ್ನೆ ಬಾಗುವ ಮನಸ್ಸನ್ನೂ ತೌಹೀದ್ ಬಿಡುವುದಿಲ್ಲ. ನನಗೆ ಜಾಸ್ತಿ ಗೌರವ ಹುಟ್ಟಿಸುವುದು ಇದೇ.

ಇನ್ನು ಪ್ರಸಾದ. ಅಲ್ಲಾಹನಲ್ಲದೆ ಬೇರೆಯವರಿಗೆ ಅರ್ಪಿಸಿದ್ದನ್ನು ತಿನ್ನಬಾರದು ಎಂದು ಕುರ್‌ಆನಿನಲ್ಲಿದೆ (2:173). ಆ ಮಾತು ಬರುವುದು ಮಾಂಸದ ಸಂದರ್ಭದಲ್ಲಿ. ಸಿಹಿತಿಂಡಿಗೂ ಅದು ಸಲ್ಲುತ್ತದೆ ಎಂದು ಬೇಡವೆನ್ನುವವರಿದ್ದಾರೆ, ತೆಗೆದುಕೊಳ್ಳುವವರೂ ಇದ್ದಾರೆ. ನಿಮ್ಮ ನೆರೆಯವರು ಮೊದಲನೆಯವರು. ಅವರು ಬೇಡವೆಂದದ್ದು ನೈವೇದ್ಯವನ್ನು, ನಿಮ್ಮನ್ನಲ್ಲ. ಹಬ್ಬ ಮುಗಿದ ಮೇಲೆ ಒಂದು ದಿನ ಹೋಳಿಗೆಯನ್ನೋ ಕಡುಬನ್ನೋ ಮಾಡಿ ಕೊಡಿ. ಇದು ಪೂಜೆಗೆ ಇಟ್ಟದ್ದಲ್ಲ ಎಂದು ಬಾಯಿಬಿಟ್ಟು ಹೇಳಿ. ಈದ್‌ಗೆ ಅವರು ಪಾಯಸ ಕಳಿಸಿದ ದಿನ ನಿಮ್ಮ ಮನೆಯಲ್ಲಿ ಏಕಾದಶಿ ಉಪವಾಸ ಇದ್ದರೆ, ನೀವೂ ಸಂಕೋಚವಿಲ್ಲದೆ ಅದನ್ನು ಹೇಳಬಹುದು.