ಆಡದೆ ಬಂದ 2 ಅಂಕ: ರಗ್ಬಿ ಲೀಗ್ ಪ್ರಶ್ನೋತ್ತರ

ಈ ಸಲದ ಪ್ರಶ್ನೆಗಳೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದಲೇ ಬಂದಿವೆ. ಫೋನಿನಲ್ಲಿ ಪಂದ್ಯ ನೋಡಿ ತಲೆ ಕೆರೆದುಕೊಂಡವರು ಕೆಲವರು, ಕಬಡ್ಡಿ ಹುಡುಗರಿಗೆ ಇದನ್ನೂ ಕಲಿಸಿ ನೋಡೋಣ ಎಂದು ಹೊರಟವರು ಕೆಲವರು. ಹೊಸಬರಿಗೆ ಇಷ್ಟು ಗೊತ್ತಿದ್ದರೆ ಸಾಕು: ಒಂದು ಕಡೆ 13 ಜನ, ಆಟ 80 ನಿಮಿಷ. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಕೊಡಬೇಕು. ಒಂದು ತಂಡವನ್ನು ಎದುರಾಳಿ 6 ಸಲ ಹಿಡಿದು ನಿಲ್ಲಿಸಿದರೆ, ಅಂದರೆ ಟ್ಯಾಕಲ್ ಮಾಡಿದರೆ, ಚೆಂಡು ಕೈ ಬದಲಾಗುತ್ತದೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 4 ಅಂಕ. ಆಮೇಲಿನ ಒದೆತ ಕಂಬಗಳ ನಡುವೆ ಹೋದರೆ ಇನ್ನೆರಡು.

ಪ್ರಶ್ನೆ: ಆಸ್ಟ್ರೇಲಿಯಾದ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್ ನೋಡತೀನ್ರಿ. ಒಂದು ತಂಡ ಆ ವಾರ ಆಡಿಯೇ ಇಲ್ಲ, ಆದರೂ ಪಟ್ಟಿಯಲ್ಲಿ 2 ಅಂಕ ಏರಿತ್ತು. ಇದೆಂಥ ಲೆಕ್ಕ? (ಪದವಿ ವಿದ್ಯಾರ್ಥಿ, ಜಮಖಂಡಿ)

ಅದು ‘ಬೈ’ ಅಂಕ. 2023ರಲ್ಲಿ ಡಾಲ್ಫಿನ್ಸ್ ಸೇರಿದ ಮೇಲೆ ಎನ್‌ಆರ್‌ಎಲ್‌ನಲ್ಲಿ 17 ಕ್ಲಬ್‌ಗಳಾದವು. ಬೆಸ ಸಂಖ್ಯೆ, ಹಾಗಾಗಿ ಪ್ರತಿ ಸುತ್ತಿನಲ್ಲೂ ಯಾರಾದರೂ ಒಬ್ಬರು ಸುಮ್ಮನೆ ಕೂರಲೇಬೇಕು. 27 ಸುತ್ತುಗಳಲ್ಲಿ ಪ್ರತಿ ಕ್ಲಬ್ 24 ಪಂದ್ಯ ಆಡುತ್ತದೆ, 3 ವಾರ ಬಿಡುವು. ಬಿಡುವಿಗೂ ಗೆಲುವಿನಷ್ಟೇ, ಅಂದರೆ 2 ಅಂಕ. ಕೊನೆಗೆ ಎಲ್ಲರಿಗೂ ಸಮನಾಗಿ 6 ಅಂಕ ಸಿಗುವುದರಿಂದ ಅನ್ಯಾಯವೇನಿಲ್ಲ. ಯಾರ ಬಿಡುವು ಯಾವಾಗ ಬರುತ್ತದೆ ಎಂಬುದರಲ್ಲಿದೆ ತೊಡಕು. ಸೀಸನ್ನಿನ ನಡುವೆ ಪಟ್ಟಿ ನೋಡಿದವರು ಎಡವುವುದು ಅಲ್ಲೇ.

ಒಂದು ಉದಾಹರಣೆ ಹಾಕೋಣ. 12 ಸುತ್ತು ಮುಗಿದಿವೆ. ಮೊದಲ ತಂಡ 12 ಪಂದ್ಯ ಆಡಿ 8 ಗೆದ್ದಿದೆ, ಬಿಡುವು ಒಂದೂ ಬಂದಿಲ್ಲ: 16 ಅಂಕ. ಎರಡನೆಯದು 10 ಆಡಿ 6 ಗೆದ್ದಿದೆ, 2 ಬಿಡುವು ಬಂದಿವೆ: 12 ಮತ್ತು 4, ಅದೂ 16. ಸೋಲು ಇಬ್ಬರದೂ ನಾಲ್ಕೇ. ಪಟ್ಟಿಯಲ್ಲಿ ಸರಿಸಮ. ಈಗ ಮುಂದಿನ ಹಂತಕ್ಕೆ 32 ಅಂಕ ಬೇಕು ಎಂದಿಟ್ಟುಕೊಳ್ಳಿ. ಮೊದಲ ತಂಡಕ್ಕೆ 3 ಬಿಡುವಿನಿಂದ 6 ಅಂಕ ತಾನಾಗಿಯೇ ಬರುತ್ತವೆ, ಉಳಿದ 12 ಪಂದ್ಯಗಳಲ್ಲಿ 5 ಗೆದ್ದರೆ ಸಾಕು. ಎರಡನೆಯದಕ್ಕೆ ಉಳಿದಿರುವುದು ಒಂದೇ ಬಿಡುವು. 14ರಲ್ಲಿ 7 ಗೆಲ್ಲಬೇಕು. ಹಾಗಾಗಿ ಪಟ್ಟಿ ತೆರೆದ ಕೂಡಲೇ ಅಂಕದ ಕಾಲಂಗಿಂತ ಮೊದಲು ಸೋಲಿನ ಕಾಲಂ ನೋಡಿ. ಸೋಲು ಸಮ ಇದ್ದರೆ ಬಿಡುವು ಯಾರಿಗೆ ಹೆಚ್ಚು ಬಾಕಿ ಇದೆ ನೋಡಿ. ಇವೆರಡೂ ಸಮವಾದರೆ ಪಂದ್ಯಗಳಲ್ಲಿ ಗಳಿಸಿದ ಅಂಕಕ್ಕೂ ಬಿಟ್ಟುಕೊಟ್ಟ ಅಂಕಕ್ಕೂ ಇರುವ ವ್ಯತ್ಯಾಸ. ಐಪಿಎಲ್‌ನ ನೆಟ್ ರನ್‌ರೇಟ್ ಇದ್ದ ಹಾಗೆ, ಆದರೆ ಭಾಗಾಕಾರ ಇಲ್ಲ, ಬರೀ ಕಳೆಯುವುದು.

ಮೊದಲ 8 ತಂಡಗಳು ಫೈನಲ್ಸ್ ಹಂತಕ್ಕೆ ಹೋಗುತ್ತವೆ. ಮೊದಲ ವಾರ 1ಕ್ಕೆ 4, 2ಕ್ಕೆ 3, 5ಕ್ಕೆ 8, 6ಕ್ಕೆ 7. ಮೊದಲ ನಾಲ್ಕರೊಳಗಿದ್ದು ಸೋತವರಿಗೆ ಇನ್ನೊಂದು ಅವಕಾಶ ಉಂಟು, ಐಪಿಎಲ್‌ನ ಮೊದಲ ಕ್ವಾಲಿಫೈಯರ್ ತರಹ. ಐದರಿಂದ ಎಂಟರವರೆಗಿನವರು ಸೋತರೆ ಗಂಟುಮೂಟೆ ಕಟ್ಟಬೇಕು. ಐದನೇ ಸ್ಥಾನಕ್ಕೂ ನಾಲ್ಕನೇ ಸ್ಥಾನಕ್ಕೂ ಅಷ್ಟೊಂದು ಗುದ್ದಾಟ ನಡೆಯುವುದು ಇದಕ್ಕೇ.

ಪ್ರಶ್ನೆ: ಏಪ್ರಿಲ್‌ವರೆಗೆ ಎಲ್ಲರನ್ನೂ ಬಡಿಯುತ್ತಿದ್ದ ತಂಡ ಜೂನ್‌ನಲ್ಲಿ ಕೆಳಗಿನವರ ಕೈಲೂ ಸೋಲುತ್ತದೆ. ಏಕೆ? (ಅಂಗಡಿ ಮಾಲೀಕರು, ವಿಜಯಪುರ)

ಸೀಸನ್ ನಡುವೆ ‘ಸ್ಟೇಟ್ ಆಫ್ ಒರಿಜಿನ್’ ಬರುತ್ತದೆ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ 3 ಪಂದ್ಯಗಳ ಸರಣಿ. 1980ರಲ್ಲಿ ಒಂದು ಪಂದ್ಯದಿಂದ ಶುರುವಾಗಿ 1982ರಿಂದ ಮೂರಾಯಿತು. ಆಟಗಾರ ಈಗ ಯಾವ ಕ್ಲಬ್‌ನಲ್ಲಿದ್ದರೂ ಆಡುವುದು ತನ್ನ ರಾಜ್ಯಕ್ಕೆ. ಒಳ್ಳೆಯ ಕ್ಲಬ್‌ನಿಂದ ನಾಲ್ಕೈದು ಜನ ಒಂದೇ ಸಲಕ್ಕೆ ಹೊರಟುಹೋಗುತ್ತಾರೆ. ಬುಧವಾರ ರಾತ್ರಿ ಆ ಜಟಾಪಟಿ ಆಡಿದವನು ವಾರಾಂತ್ಯಕ್ಕೆ ಕ್ಲಬ್‌ಗೆ ಮರಳಿದರೂ ಮೈ ಅರ್ಧ ಮಾತ್ರ ಇರುತ್ತದೆ.

ಎಲ್ಲರ ಕೊರತೆಯೂ ಒಂದೇ ತೂಕದ್ದಲ್ಲ. ಅಂಚಿನಲ್ಲಿ ಓಡುವ ವಿಂಗರ್ ಹೋದರೆ ಇನ್ನೊಬ್ಬ ಹುಡುಗ ತುಂಬುತ್ತಾನೆ. ಐದನೇ ಟ್ಯಾಕಲ್ ಆದ ಮೇಲೆ ಚೆಂಡನ್ನು ಎಲ್ಲಿಗೆ ಒದೆಯಬೇಕು ಎಂದು ನಿರ್ಧರಿಸುವ ಹಾಫ್‌ಬ್ಯಾಕ್ ಹೋದರೆ ಇಡೀ ತಂಡ ಕುರುಡಾಗುತ್ತದೆ. ಒದೆತ ಹತ್ತು ಮೀಟರ್ ಗಿಡ್ಡವಾದರೆ ಎದುರಾಳಿ ಹತ್ತು ಮೀಟರ್ ಮುಂದಿನಿಂದ ಶುರು ಮಾಡುತ್ತಾನೆ, 80 ನಿಮಿಷ ಅದೇ ಕಥೆ. ಆ ವಾರಗಳಲ್ಲಿ ಬಿಡುವು ಸಿಕ್ಕ ಕ್ಲಬ್ ಅದೃಷ್ಟಶಾಲಿ.

ಪ್ರಶ್ನೆ: ಇಂಗ್ಲೆಂಡ್‌ನ ಸೂಪರ್ ಲೀಗ್‌ನಲ್ಲಿ ಕೊನೆಗೆ ಬಂದವರು ಕೆಳಗಿನ ದರ್ಜೆಗೆ ಇಳಿಯುತ್ತಾರೆಯೇ? (ಬೆಳಗಾವಿ)

ಮೊದಲು ಇಳಿಯುತ್ತಿದ್ದರು. ಈಗ ಮೈದಾನದ ಸ್ಥಾನವೊಂದೇ ಸಾಲದು. ಪ್ರೇಕ್ಷಕರು, ಹಣಕಾಸು, ಕ್ರೀಡಾಂಗಣ, ಆಟದ ಸಾಧನೆ ಎಲ್ಲ ಸೇರಿಸಿ 20ಕ್ಕೆ ಅಂಕ ಹಾಕುತ್ತಾರೆ, 15 ಅಥವಾ ಹೆಚ್ಚು ಬಂದರೆ ಎ ದರ್ಜೆ, ಅಂದರೆ ಸ್ಥಾನ ಖಾತ್ರಿ. 2025ರ ಸೀಸನ್‌ಗೆ ಲಂಡನ್ ಬ್ರಾಂಕೋಸ್ ಹೊರಬಿದ್ದು ವೇಕ್‌ಫೀಲ್ಡ್ ಒಳಬಂದದ್ದು ಈ ಲೆಕ್ಕದಲ್ಲೇ. 2026ಕ್ಕೆ ತಂಡಗಳ ಸಂಖ್ಯೆ 12ರಿಂದ 14ಕ್ಕೇರಿತು. ಅಭಿಮಾನಿಗಳಿಗೆ ಈ ಪದ್ಧತಿ ಅಷ್ಟಾಗಿ ರುಚಿಸಿಲ್ಲ, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ: ಸೆಪ್ಟೆಂಬರ್‌ನ ಪಂದ್ಯದಲ್ಲಿ ಉಳಿವು ಅಳಿವಿನ ಬಿಸಿ ಇಲ್ಲದಿದ್ದರೆ ಕೊನೆಯ ತಂಡದ ಆಟ ಯಾರು ನೋಡುತ್ತಾರೆ?

ಪ್ರಶ್ನೆ: ನಮ್ಮ ಹುಡುಗರು ಕಬಡ್ಡಿಯಲ್ಲಿ ಪಳಗಿದವರು, ಇಬ್ಬರು ಗರಡಿ ಮನೆಯವರೂ ಇದ್ದಾರೆ. ಟ್ಯಾಕಲ್ ಅವರಿಗೆ ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ. ಎರಡು ದಿನಕ್ಕೇ ಒಬ್ಬನ ಹುಬ್ಬು ಒಡೆಯಿತು. ಎಲ್ಲಿ ತಪ್ಪುತ್ತಿದೆ? (ದೈಹಿಕ ಶಿಕ್ಷಕರು, ಮುಧೋಳ)

ಮೂರು ಕಡೆ ತಪ್ಪುತ್ತಿದೆ, ಮೂರೂ ಕಬಡ್ಡಿಯ ಒಳ್ಳೆಯ ಅಭ್ಯಾಸಗಳೇ.

ಒಂದು, ಆಂಕಲ್ ಹೋಲ್ಡ್. ಕಬಡ್ಡಿಯ ರೈಡರ್ ಎದುರಿಗೆ ನಿಂತು ಅತ್ತಿತ್ತ ತೂಗುತ್ತಾನೆ, ಕಾಲು ಒಂದು ಕ್ಷಣ ನಿಲ್ಲುತ್ತದೆ. ಆಗ ತಲೆ ತಗ್ಗಿಸಿ ಪಾದಕ್ಕೆ ಹಾರಬಹುದು. ರಗ್ಬಿಯವನು ಇಪ್ಪತ್ತು ಹೆಜ್ಜೆಯ ಓಟದಲ್ಲಿ ನೇರ ಮೈಮೇಲೆ ಬರುತ್ತಾನೆ. ತಗ್ಗಿದ ತಲೆಗೆ ಸಿಗುವುದು ಅವನ ಮೊಣಕಾಲು. ಹುಬ್ಬು ಒಡೆದದ್ದು ಬಹುಶಃ ಹೀಗೇ.

ಎರಡು, ಎಳೆಯುವುದು. ಕಬಡ್ಡಿಯಲ್ಲಿ ರೈಡರ್‌ನನ್ನು ನಡುಗೆರೆಯಿಂದ ದೂರ, ನಮ್ಮ ಅಂಕಣದ ಒಳಕ್ಕೆ ಎಳೆದುಕೊಳ್ಳಬೇಕು. ರಗ್ಬಿಯಲ್ಲಿ ಹಾಗೆ ಎಳೆದರೆ ಅವನು ಹೋಗಬೇಕಾದ ಕಡೆಗೆ ನೀವೇ ಹೊತ್ತೊಯ್ದು ಬಿಟ್ಟ ಹಾಗೆ! ಒಂದೊಂದು ಹಿಡಿತಕ್ಕೆ 2 ಮೀಟರ್ ಪುಕ್ಕಟೆ ಕೊಟ್ಟರೆ ಆರು ಹಿಡಿತಕ್ಕೆ 12 ಮೀಟರ್. ಹಿಡಿದ ಮೇಲೆ ಕಾಲು ನಿಲ್ಲಬಾರದು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಎದುರಿಗೆ ತಳ್ಳಬೇಕು.

ಮೂರು, ಬಿಡದಿರುವುದು. ಕಬಡ್ಡಿಯಲ್ಲಿ ಸೀಟಿ ಊದುವವರೆಗೆ ಹಿಡಿದವನೇ ಗಂಡು. ಇಲ್ಲಿ ರೆಫರಿ ‘ಹೆಲ್ಡ್’ ಅಂದೊಡನೆ ಕೈ ತೆಗೆಯಬೇಕು, ಇಲ್ಲದಿದ್ದರೆ ಪೆನಾಲ್ಟಿ.

ಕಲಿಸುವ ಕ್ರಮ ಹೀಗಿರಲಿ. ಮೊದಲ ವಾರ ಇಬ್ಬರೂ ಮೊಣಕಾಲೂರಿ, ಓಟ ಬೇಡ. ಹಿಡಿಯುವವನ ಕಣ್ಣು ಎದುರಾಳಿಯ ಸೊಂಟದ ಮೇಲೆ. ಮುಖ, ಕೈ, ಚೆಂಡು ಎಲ್ಲ ಸುಳ್ಳು ಹೇಳುತ್ತವೆ, ಸೊಂಟ ಹೇಳುವುದಿಲ್ಲ. ಬಲ ಭುಜ ತಾಗಿಸುವುದಾದರೆ ಬಲಗಾಲೇ ಮುಂದೆ. ತಲೆ ಎದುರಾಳಿಯ ಮೈಯ ಪಕ್ಕಕ್ಕೆ, ಬೆನ್ನಿನ ಕಡೆಗೆ ಸರಿಯಬೇಕು. ಹೊಟ್ಟೆಯ ಮುಂದೆ ಅಡ್ಡ ಹೋಗಲೇಬಾರದು, ಅವನು ಬೀಳುವಾಗ ಕುತ್ತಿಗೆ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಭುಜ ತಾಗಿದ ಮೇಲೆ ಎರಡೂ ಕೈ ಸುತ್ತಿ ಬಿಗಿ. ಎರಡನೇ ವಾರ ನಡಿಗೆಯಲ್ಲಿ, ಮೂರನೇ ವಾರ ಅರ್ಧ ವೇಗದಲ್ಲಿ. ಪೂರ್ತಿ ಓಟಕ್ಕೆ ಅವಸರ ಬೇಡ.

ಗರಡಿ ಹುಡುಗರು ಬೇರೆ ರೀತಿ ಉಪಯೋಗಕ್ಕೆ ಬರುತ್ತಾರೆ. ಹಿಡಿಸಿಕೊಂಡವನು ಏಳಬೇಕು, ಎದುರಾಳಿಯ ಗೆರೆಗೆ ಮುಖ ಮಾಡಿ ಚೆಂಡನ್ನು ಕಾಲ ಮುಂದೆ ನೆಲಕ್ಕಿಟ್ಟು ಅಂಗಾಲಿನಿಂದ ಹಿಂದಕ್ಕೆ ಉರುಳಿಸಬೇಕು, ಹಿಂದೆ ನಿಂತ ಡಮ್ಮಿ ಹಾಫ್ ಎತ್ತಿಕೊಳ್ಳುತ್ತಾನೆ. ‘ಪ್ಲೇ ದ ಬಾಲ್’ ಎಂದರೆ ಇಷ್ಟೇ. ಚುರುಕಾದ ತಂಡ ಇದನ್ನು ಮೂರು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ, ಆಗ ರಕ್ಷಣೆಯವರಿಗೆ ನಿಯಮದಂತೆ 10 ಮೀಟರ್ ಹಿಂದೆ ಸರಿಯಲು ಪುರಸೊತ್ತೇ ಇರುವುದಿಲ್ಲ. ಹೊಟ್ಟೆ ಅಡಿಯಾಗಿ ಬಿದ್ದವನು ಪುಟಿದೇಳುತ್ತಾನೆ. ಬೆನ್ನಡಿಯಾಗಿ ಬಿದ್ದವನು ಮೊದಲು ಮಗ್ಗುಲಾಗಬೇಕು. ಚಿತ್ ಮಾಡುವ ವಿದ್ಯೆಗೆ ಇಲ್ಲಿ ಕುಸ್ತಿಯ ಹಾಗೆ ಗೆಲುವು ಸಿಗುವುದಿಲ್ಲ, ಒಂದೆರಡು ಸೆಕೆಂಡು ಸಿಗುತ್ತದೆ. ವೃತ್ತಿಪರ ಕ್ಲಬ್‌ಗಳು ಕುಸ್ತಿ ಕೋಚ್‌ಗಳನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಆ ಎರಡು ಸೆಕೆಂಡಿಗೇ. ಆದರೆ ತೋಳು ತಿರುಚುವುದು, ಕುತ್ತಿಗೆ ಒತ್ತುವುದು, ಹಿಂದಿನಿಂದ ಹಿಡಿದು ಪೃಷ್ಠದ ಭಾರವನ್ನು ಓಟಗಾರನ ಮೀನಖಂಡದ ಮೇಲೆ ಇಳಿಬಿಡುವುದು, ಮೂರೂ ನಿಷಿದ್ಧ. ಕೊನೆಯದಕ್ಕೆ ‘ಹಿಪ್ ಡ್ರಾಪ್’ ಎನ್ನುತ್ತಾರೆ. ಪಾದದ ಕೀಲು ಮುರಿದು ಸೀಸನ್ನೇ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಕಾಲೇಜು ಮೈದಾನ ಎರಿ ಮಣ್ಣಿನದು. ರಗ್ಬಿ ಅಂಕಣ ಹಾಕಬಹುದೇ? (ಇಂಡಿ)

ಪೂರ್ತಿ ಅಂಕಣ 100 ಮೀಟರ್ ಉದ್ದ, 68 ಮೀಟರ್ ಅಗಲ. ಎರಡೂ ತುದಿಗೆ ಟ್ರೈ ಹಾಕುವ ಜಾಗ ಬೇರೆ. ಅಷ್ಟು ಬೇಡ. ಮೊದಲ ವರ್ಷ ‘ಟಚ್’ ಆಡಿಸಿ: ಕಡೆಗೆ 6 ಜನ, ಹಿಡಿಯುವ ಬದಲು ಮುಟ್ಟುವುದು, 6 ಮುಟ್ಟಿಗೆ ಚೆಂಡು ಬದಲು. ಅಂಕಣ 70ಕ್ಕೆ 50 ಮೀಟರ್, 400 ಮೀಟರ್ ಟ್ರ್ಯಾಕಿನ ಒಳಗೆ ಆರಾಮಾಗಿ ಕೂರುತ್ತದೆ.

ಮೂಲೆ ಮಟ್ಟಸವಾಗಿರಲು 24 ಮೀಟರ್ ಹಗ್ಗ ತೆಗೆದುಕೊಳ್ಳಿ. 6ನೇ ಮತ್ತು 14ನೇ ಮೀಟರಿಗೆ ಗಂಟು ಹಾಕಿ, ಎರಡು ತುದಿ ಕೂಡಿಸಿ ಮೂವರು ಬಿಗಿಯಾಗಿ ಎಳೆದು ಹಿಡಿಯಿರಿ. 6 ಮತ್ತು 8ರ ಬಾಹುಗಳು ಕೂಡುವಲ್ಲಿ ನೇರ ಮೂಲೆ. ನಾಲ್ಕೂ ಮೂಲೆ ಆದ ಮೇಲೆ ಕರ್ಣ ಅಳೆಯಿರಿ, ಎರಡೂ 86 ಮೀಟರ್ ಬರಬೇಕು. ಗೆರೆಗೆ ಸುಣ್ಣ ಬೇಡವೇ ಬೇಡ. ಈ ಆಟದಲ್ಲಿ ಹುಡುಗರು ಮುಖ ಅಡಿಯಾಗಿ ಬೀಳುತ್ತಾರೆ, ಸುಣ್ಣ ಕಣ್ಣು ಸುಡುತ್ತದೆ. ಸೀಮೆಸುಣ್ಣದ ಪುಡಿ ಸಾಕು.

ಇನ್ನು ಮಣ್ಣು. ಎರಿ ನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಪಾದ ಹೋಗುವಷ್ಟು. ಪಾದ ಉಳುಕುವುದು ಅಲ್ಲೇ. ಬಿರುಕಿಗೆ ಮರಳು ತುಂಬಿಸುವುದು ಎಲ್ಲರೂ ಮಾಡುವ ತಪ್ಪು: ಮಳೆ ಬಿದ್ದಾಗ ಮಣ್ಣು ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳಲು ಮರಳು ಜಾಗ ಬಿಡುವುದಿಲ್ಲ, ನೆಲ ಡುಬ್ಬ ಏಳುತ್ತದೆ. ಅದೇ ಮಣ್ಣಿನ ಹೆಂಟೆ ಒಡೆದು ಪುಡಿ ಮಾಡಿ ತುಂಬಿ, ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಆ ಹದದಲ್ಲಿ ರೋಲರ್ ಎಳೆಯಿರಿ. ಹಸಿ ಹೆಚ್ಚಿದ್ದಾಗ ಎಳೆದರೆ ಮಣ್ಣೆಲ್ಲ ರೋಲರಿಗೆ ಮೆತ್ತಿಕೊಂಡು ನೆಲ ಗುಳಿ ಬೀಳುತ್ತದೆ. ಮಳೆಯಾದ ಮೇಲೆ ಬೂಟಿಗೆ ಮಣ್ಣು ಹತ್ತುವುದು ನಿಲ್ಲುವವರೆಗೆ ಆಟ ಬೇಡ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ 8ರೊಳಗೆ ಮುಗಿಸಿ.

ಪ್ರಶ್ನೆ: ಪಂದ್ಯಕ್ಕೆ ಮುಂಚೆ ಕರದಂಟು ತಿನ್ನಬಹುದೇನ್ರಿ? (ಗೋಕಾಕ)

ಗೋಕಾಕದವರು ಕೇಳದೆ ಇನ್ಯಾರು ಕೇಳಬೇಕು! ಮುಂಚೆ ಬೇಡ. ತುಪ್ಪ, ಅಂಟು, ಗೋಡಂಬಿ, ಬಾದಾಮಿ ನಿಧಾನಕ್ಕೆ ಕರಗುವಂಥವು, ಓಡುವಾಗ ಹೊಟ್ಟೆ ಭಾರ. ಮೂರು ತಾಸು ಮೊದಲು ಎರಡು ರೊಟ್ಟಿ, ಬೇಳೆ, ಸ್ವಲ್ಪ ಮೊಸರನ್ನ, ಖಾರ ಕಡಿಮೆ. ಕರದಂಟು ಆಟ ಮುಗಿದ ಮೇಲೆ ಧಾರಾಳ. ಆಡುವ ಮೊದಲು, ಆಡಿದ ನಂತರ ತೂಕ ನೋಡಿ: 1 ಕಿಲೋ ಇಳಿದಿದ್ದರೆ ಒಂದೂವರೆ ಲೀಟರಿನಷ್ಟು ನೀರು, ಉಪ್ಪು ಹಾಕಿದ ಮಜ್ಜಿಗೆ, ನಿಧಾನವಾಗಿ.

ಪ್ರಶ್ನೆ: ತಲೆಗೆ ಪೆಟ್ಟು ಬಿದ್ದರೆ ಮುಖಕ್ಕೆ ನೀರು ಹೊಡೆದು, ಉಳ್ಳಾಗಡ್ಡಿ ಮೂಸಿಸಿ ಆಡಿಸುತ್ತಾರೆ. ಸರಿಯೇ? (ತಾಯಿಯೊಬ್ಬರು, ಬಾಗಲಕೋಟೆ)

ಸರಿಯಲ್ಲ ತಾಯಿ. ಎನ್‌ಆರ್‌ಎಲ್‌ನಲ್ಲಿ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದು 15 ನಿಮಿಷ ಪರೀಕ್ಷಿಸುತ್ತಾರೆ. ಕನ್‌ಕಷನ್ (ಪೆಟ್ಟಿಗೆ ಮಿದುಳು ಅಲುಗಿ ಆಗುವ ಗಾಯ) ಎಂದು ಖಚಿತವಾದರೆ 2023ರಿಂದ ಸಾಮಾನ್ಯವಾಗಿ ಕನಿಷ್ಠ 11 ದಿನ ಅಂಗಳಕ್ಕೆ ಇಳಿಸುವುದಿಲ್ಲ. ಹುಡುಗರ ಮಿದುಳು ಸುಧಾರಿಸಿಕೊಳ್ಳಲು ಇನ್ನೂ ಹೆಚ್ಚು ದಿನ ಬೇಕು. ಅಂದು ಆಟ ಮುಗಿಯಿತು, ಅಷ್ಟೇ. ವಾಂತಿ, ಏರುತ್ತಿರುವ ತಲೆನೋವು, ಮಂಪರು, ತೊದಲು, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು, ಇವುಗಳಲ್ಲಿ ಯಾವುದೊಂದು ಕಂಡರೂ ನೇರ ಆಸ್ಪತ್ರೆಗೆ. ಮರಳಿ ಆಡಿಸುವುದು ವೈದ್ಯರು ಒಪ್ಪಿದ ಮೇಲೆ.

ಪ್ರಶ್ನೆ: ದುಡ್ಡಿದ್ದ ಕ್ಲಬ್ ಒಳ್ಳೆಯವರನ್ನೆಲ್ಲ ಕೊಂಡುಬಿಟ್ಟರೆ? ಹರಾಜು ಇದೆಯೇ? (ಅಥಣಿ)

ಹರಾಜಿಲ್ಲ, ನೇರ ಒಪ್ಪಂದ. ಆದರೆ ಕ್ಲಬ್ ಕೊಡುವ ಒಟ್ಟು ಸಂಬಳಕ್ಕೆ ಮಿತಿ ಇದೆ. ಮೆಲ್ಬರ್ನ್ ಸ್ಟಾರ್ಮ್ ಗುಟ್ಟಾಗಿ ಮೀರಿ ಸಿಕ್ಕಿಬಿದ್ದು, 2010ರಲ್ಲಿ ಅದರ 2007 ಮತ್ತು 2009ರ ಪ್ರಶಸ್ತಿಗಳನ್ನೇ ಕಿತ್ತುಕೊಂಡರು. ಆ ವರ್ಷ ಉಳಿದ ಪಂದ್ಯಗಳನ್ನೆಲ್ಲ ಗೆದ್ದರೂ ಅಂಕ ಇಲ್ಲ ಎಂದು ಆಡಿಸಿದರು. ಇನ್ನೊಂದು ವಿಚಿತ್ರ: ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡುವ ಆಟಗಾರ ನವೆಂಬರ್ 1ರಿಂದ ಬೇರೆ ಕ್ಲಬ್‌ಗಳ ಜೊತೆ ಮಾತಾಡಬಹುದು. ಮುಂದಿನ ವರ್ಷಕ್ಕೆ ಎದುರಾಳಿಗೆ ಸಹಿ ಹಾಕಿ, ಈ ಸೀಸನ್ ಪೂರ್ತಿ ಹಳೆಯ ಜರ್ಸಿಯಲ್ಲೇ ಆಡುತ್ತಾನೆ, ಕೆಲವೊಮ್ಮೆ ಆ ಎದುರಾಳಿಯ ವಿರುದ್ಧವೇ. ಅಂದು ಅವನೊಂದು ಚೆಂಡು ಕೈಬಿಟ್ಟರೆ ಪ್ರೇಕ್ಷಕರ ಬಾಯಿ ಮುಚ್ಚಿಸಲು ಯಾರಿಂದಲೂ ಆಗುವುದಿಲ್ಲ.